ಮಾಯಪ್ಪ ಮಾಮಾನ ಮಾರು

ಮೊನ್ನೆ ಸಾಂಗ್ಲಿಯ ಪೇಟೆಯಲ್ಲಿ ಅಂಗಿಯ ಬಟ್ಟೆ ಕೊಳ್ಳಲು ಹೋಗಿ ಮರ್ಯಾದೆ ಕಳೆದುಕೊಂಡು ಬಂದೆ. ಅಂಗಡಿಯವರು ಎರಡೂ ತುದಿಗೆ ಹಿತ್ತಾಳೆ ಬಡಿದು ಸರಕಾರದ ಮುದ್ರೆ ಒತ್ತಿದ ಹೊಸ ಮೀಟರ್ ಕೋಲಿನಲ್ಲಿ ಅಳೆದು, ಟರ್ರನೆ ಹರಿದು, ಮಡಚಿ ಮುಂದಿಟ್ಟರು. ನನ್ನ ಕೈ ಸುಮ್ಮನಿರಬೇಕಲ್ಲ? ಬಟ್ಟೆಯ ಒಂದು ತುದಿಯನ್ನು ಮೂಗಿನ ತುದಿಗೆ ಹಿಡಿದು, ಮೋರೆಯನ್ನು ಆಚೆ ತಿರುಗಿಸಿ, ಇನ್ನೊಂದು ಕೈಯನ್ನು ನೆಟ್ಟಗೆ ಚಾಚಿಯೇ ಬಿಟ್ಟೆ. ನಮ್ಮ ಮನೆಯಲ್ಲಿ ಗಜ ಅಳೆಯುತ್ತಿದ್ದುದೇ ಹಾಗೆ. ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ, "ಕಾಯ್ ಪಾವ್ಹಣೆ, ವಾಸ ಘೇತಾಯ್ ಕಾ?" ಎಂದರು. ಏನ್ರೀ ಬೀಗರೇ, ವಾಸನೆ ನೋಡ್ತಿದ್ದೀರಾ ಅಂತ. ಅಂಗಡಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಊರಿನವರನ್ನೆಲ್ಲ ಅಣಕಿಸಿ ತಿರುಗುವವನು ತನ್ನ ಸರದಿ ಬಂದಾಗ ನಗದಿದ್ದರೆ ಹೇಗೆ?

ನಿಮಗೆ ನಮ್ಮ ಮಾಯಪ್ಪ ಮಾಮಾನ ವಿಷಯ ಹೇಳಿದ್ದೇನೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ಇನ್ನೊಮ್ಮೆ ಕೇಳಿ. ನನ್ನ ಈ ರೋಗದ ಮೂಲ ಅಲ್ಲಿದೆ.

ನಾನು ಬೆಳೆದದ್ದು ಅವ್ವನ ತವರು ಸಲಗರೆಯಲ್ಲಿ. ಮಿರಜ ತಾಲೂಕಿನ ಅಂಚು ಅದು. ಅಲ್ಲಿಂದ ಜೋರಾಗಿ ಒಂದು ಕಲ್ಲು ಒಗೆದರೆ ಮೈಸೂರು ರಾಜ್ಯದಲ್ಲಿ ಬೀಳುತ್ತದೆ. ಆ ಕಡೆಯಿಂದ ತಿರುಗಿ ಬರುವ ಬೈಗುಳವೂ ನಮ್ಮ ಭಾಷೆಯದೇ ಆಗಿರುತ್ತದೆ. ನಾನು ಸಣ್ಣವನಿದ್ದಾಗ ಎಲ್ಲ ಕಡೆ ಸಂಸ್ಥಾನಗಳು. ಸಾಂಗ್ಲಿಯದೊಂದು, ಮಿರಜದ್ದೇ ಎರಡು. ಒಂದು ಊರು ಇವರದಾದರೆ ಬದಿಯ ಊರು ಅವರದು. ಆಮೇಲೆ ವಿಲೀನವಾಯಿತು ಎಂದರು. ಆಮೇಲೆ ಪುನರ್ರಚನೆ ಎಂದರು. ಅದು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೊಮ್ಮೆ ಹರಿದು ಹೊಲಿದು ಹೊಸ ರಾಜ್ಯ ಮಾಡಿದರು. ಪ್ರತಿಸಲವೂ ನಾನು ಓಡಿಬಂದು ಈ ಸುದ್ದಿಯನ್ನು ನಮ್ಮ ಆಯಿಗೆ, ಅಂದರೆ ಅವ್ವನ ಅವ್ವನಿಗೆ ಹೇಳುತ್ತಿದ್ದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳುತ್ತಿದ್ದಳು:

"ನಮ್ಮ ಬಾವಿ ಎಲ್ಲೈತೋ?"

"ಅಲ್ಲೇ ಐತಿ ಆಯಿ."

"ಹಂಗಾದ್ರ ಆತು ಬಿಡು."

ಶಾಲೆಯಲ್ಲಿ ಮಾತ್ರ ಆತು ಬಿಡು ಅನ್ನುವಂತಿರಲಿಲ್ಲ. ನಮ್ಮ ಮಾಸ್ತರರು ಮೂಗಿನಲ್ಲಿ ನಶ್ಯ ಏರಿಸಿಕೊಂಡು, "ದೋನ್ ವೀತ್ ಮ್ಹಣಜೆ ಏಕ್ ಹಾತ್" ಎಂದು ರಾಗ ತೆಗೆಯುತ್ತಿದ್ದರು. ಮನೆಗೆ ಬಂದರೆ ಅದೇ ವೀತ್ ಗೇಣಾಗುತ್ತಿತ್ತು, ಹಾತ್ ಮೊಳವಾಗುತ್ತಿತ್ತು. ಎರಡು ಗೇಣಿಗೆ ಮೊಳ, ಎರಡು ಮೊಳಕ್ಕೆ ಗಜ, ಎರಡು ಗಜಕ್ಕೆ ಮಾರು. ಮಾರು ಅಂದರೆ ಎರಡೂ ಕೈ ಅಗಲಿಸಿ ನಿಂತರೆ ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ. ನಾನೊಮ್ಮೆ ಎದ್ದು ನಿಂತು, "ಯಾರ ಕೈ ಸರ್?" ಎಂದು ಕೇಳಿದೆ. ಮಾಸ್ತರರು ಉತ್ತರವನ್ನು ತಮ್ಮ ಕೈಯಿಂದಲೇ ಕೊಟ್ಟರು. ಅದರ ಅಳತೆ ಇವತ್ತಿಗೂ ನನ್ನ ಕೆನ್ನೆಗೆ ಗೊತ್ತು.

ಆದರೆ ಪ್ರಶ್ನೆ ತಪ್ಪಾಗಿರಲಿಲ್ಲ. ನಮ್ಮ ಊರಿಗೆ ಅದಕ್ಕೆ ಒಂದೇ ಉತ್ತರವಿತ್ತು: ಮಾಯಪ್ಪನ ಕೈ.

ಮಾಯಪ್ಪ ಮಾಮಾ ಅವ್ವನ ತಮ್ಮ. ಕುರಿ ಕಾಯುವವನು. ಎತ್ತರದಲ್ಲಿ ಹೇಳಿಕೊಳ್ಳುವಂಥ ಆಳೇನಲ್ಲ. ದೇವರು ಕಾಲಿಗೆ ಇಡಬೇಕಾದ ಸಾಮಾನನ್ನೂ ಮರೆತು ಕೈಗೇ ಹಾಕಿಬಿಟ್ಟಿದ್ದ. ಸುಮ್ಮನೆ ನಿಂತರೆ ಬೆರಳುಗಳು ಮೊಣಕಾಲಿನ ಯೋಗಕ್ಷೇಮ ವಿಚಾರಿಸುತ್ತಿದ್ದವು. ಹಿಂಡಿನ ಆಚೆ ಬದಿಯ ಮರಿಯನ್ನು ಈಚೆ ನಿಂತೇ ಕಿವಿ ಹಿಡಿದು ಎಳೆಯುತ್ತಿದ್ದ. ಊಟಕ್ಕೆ ಅವನ ಪಕ್ಕ ಕೂತರೆ ನಮ್ಮ ತಾಟಿನ ಉಳ್ಳಾಗಡ್ಡಿ ಯಾವಾಗ ಹೋಯಿತು ಎಂಬುದೇ ತಿಳಿಯುತ್ತಿರಲಿಲ್ಲ.

ಮಿರಜದ ಸಂತೆಯಲ್ಲಿ ಆಗ ಒಂದು ಪದ್ಧತಿ ಇತ್ತು. ಹಗ್ಗ ಮಾರುವವನು ದರ ಹೇಳಬೇಕು, ಕೊಳ್ಳುವವನು ಕೈಚಾಚಿ ಮಾರು ಅಳೆಯಬೇಕು. ದರ ನಿಮ್ಮದು, ಮಾರು ನಮ್ಮದು. ಕೊಳ್ಳುವವನು ತನ್ನ ಕೈ ಬಿಟ್ಟು ತನ್ನವರ ಕೈ ತಂದರೂ ನಡೆಯುತ್ತಿತ್ತು. ಹೀಗಾಗಿ ಸಂತೆಯ ದಿನ ಸಲಗರೆಯವರೆಲ್ಲ ಮಾಮಾನನ್ನು ಮುಂದೆ ಮಾಡಿಕೊಂಡು ಹೊರಡುತ್ತಿದ್ದರು. ಬಾವಿಯ ಹಗ್ಗಕ್ಕೆ ಅವನು, ದನ ಕಟ್ಟುವ ಕಣ್ಣಿಗೆ ಅವನು, ಸೀರೆಯ ಮೊಳಕ್ಕೆ ಅವನು, ಮಲ್ಲಿಗೆಯ ಮೊಳಕ್ಕೂ ಅವನೇ. ಅವನು ಬರುವುದನ್ನು ಕಂಡರೆ ಹೂವಿನವರು ಬುಟ್ಟಿಯ ಮೇಲೆ ಬಟ್ಟೆ ಎಳೆಯುತ್ತಿದ್ದರು. ಚಹಾ, ಚೂಡಾ, ಎಲೆ ಅಡಿಕೆ, ಎಲ್ಲ ಪುಕ್ಕಟೆ. ನಾನೂ ಒಮ್ಮೆ ಪೈಪೋಟಿಗೆ ಇಳಿದು ಕೈ ಚಾಚಿ ನೋಡಿದೆ. ಸರಿಯಾಗಿ ಆರು ಫೂಟು, ಪುಸ್ತಕದಲ್ಲಿ ಬರೆದ ಹಾಗೆ. ಅಷ್ಟು ಸರಿಯಾದ ಕೈ ಯಾರಿಗೆ ಬೇಕು? ಒಂದು ಲೋಟ ಚಹಾ ಹುಟ್ಟಲಿಲ್ಲ.

ಈಗ ಹಗ್ಗದ ಸಿದ್ರಾಮ ಕಾಕಾನ ಕಡೆ ಬರೋಣ. ಕಾಕಾ ನಮ್ಮ ಮಂದಿಯೇ. ಅವರ ಅಪ್ಪ ಕುರಿ ಬಿಟ್ಟು ಮಿರಜ ಸೇರಿ ಹಗ್ಗದ ಅಂಗಡಿ ಇಟ್ಟಿದ್ದರು. ಕಾಕಾ ದರವನ್ನು ಮರಾಠಿಯಲ್ಲಿ ಹೇಳುತ್ತಿದ್ದರು, ಸಿಟ್ಟು ಬಂದಾಗ ಕನ್ನಡಕ್ಕೆ ಇಳಿಯುತ್ತಿದ್ದರು. ಮಾಮಾ ಅಂಗಡಿಯ ಮೆಟ್ಟಿಲು ಹತ್ತಿದರೆ ಸಾಕು, ಅಚ್ಚಗನ್ನಡ. ಏಕೆಂದರೆ ಕಾಕಾನ ಕೈಗಳು ಬಲು ಗಿಡ್ಡ. ಎರಡೂ ಕೈ ಚಾಚಿ ನಿಂತರೆ ಗುಬ್ಬಿ ಬಿಸಿಲು ಕಾಯಿಸಿಕೊಂಡ ಹಾಗೆ ಕಾಣುತ್ತಿತ್ತು. ಅವರ ಕಣ್ಣೆದುರೇ ಮಾಮಾ ಹದ್ದಿನಂತೆ ರೆಕ್ಕೆ ಬಿಚ್ಚಿ ಹಗ್ಗ ಎಳೆಯುವಾಗ, ಪ್ರತಿ ಮಾರಿಗೂ ಕಾಕಾ "ಹಾಯ್" ಎಂದು ಎದೆ ಹಿಡಿದುಕೊಳ್ಳುತ್ತಿದ್ದರು. ಈ "ಹಾಯ್" ಎಂಬುದನ್ನು ನಾನು ಕಲಿತು ಊರಿನ ಕಟ್ಟೆಯ ಮೇಲೆ ಮಾಡಿ ತೋರಿಸುತ್ತಿದ್ದೆ. ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ಸುದ್ದಿ ಕಾಕಾನ ಕಿವಿಗೂ ಹೋಗಿತ್ತು. ಹೀಗೆ ನಮ್ಮ ಮನೆತನದ ಮೇಲೆ ಅವರಿಗೆ ಎರಡೆರಡು ಕಾರಣಗಳ ಸಿಟ್ಟು.

ಹಗ್ಗ ಅಳೆಯುವಾಗ ಒಂದು ತುದಿಯನ್ನು ಅಂಗಡಿಯ ಕಡೆಯವರು ಹಿಡಿದು ಎಣಿಸಬೇಕು. ಕಾಕಾನ ಅಂಗಡಿಯಲ್ಲಿ ಆ ಕೆಲಸ ಮಗಳು ಸುಭದ್ರಾಳದು. ಆಕೆ ಎಲ್ಲರಂತೆ ಒಂದು ಅನ್ನದೆ, "ಲಾಭ" ಎಂದು ಶುರು ಮಾಡಿ, "ಎರಡು, ಮೂರು" ಎಂದು ಹೋಗುತ್ತಿದ್ದಳು. ಮಾಮಾ ಅಳೆಯುವಾಗ ಮಾತ್ರ "ಲಾಭ" ಅನ್ನುತ್ತಲೇ ಅಪ್ಪನ ಮೋರೆ ನೋಡಿ ಕಿಸಕ್ಕನೆ ನಗುತ್ತಿದ್ದಳು. ಆ ನಗೆ ಹಗ್ಗದ ಮೂಲಕ ಹರಿದು ಮಾಮಾನನ್ನು ಮುಟ್ಟಿತೆಂದು ಕಾಣುತ್ತದೆ. ಅಂದಿನಿಂದ ಅವನು ಪ್ರತಿ ಸಂತೆಗೂ ಸ್ವಂತಕ್ಕೆ ಒಂದು ಹಗ್ಗ ತರತೊಡಗಿದ.

"ಮಾಮಾ, ಹೋದ ವಾರ ತಂದಿದ್ದೆಲ್ಲ?"

"ಅದು ಹಳೇದಾತು."

"ಒಂದು ವಾರಕ್ಕ?"

"ನೀ ಸುಮ್ಮಕುಂದ್ರಲೇ. ಹಗ್ಗದ ವಿಷಯ ನಿನಗೇನ ತಿಳೀತೈತಿ?"

ಮನೆಯ ಗೂಟಗಳೆಲ್ಲ ತುಂಬಿ, ಕುರಿಗಿಂತ ಹಗ್ಗ ಹೆಚ್ಚಾದಾಗ ಆಯಿಗೂ ತಿಳಿಯಿತು. ನನ್ನನ್ನು ಕರೆದುಕೊಂಡು ಮಿರಜಕ್ಕೆ ಹೋಗಿ, ಕಾಕಾನ ಮನೆಯ ಕಟ್ಟೆಯ ಮೇಲೆ ಕೂತು, ಸೋಯರಿಕೆಯ ಮಾತು ತೆಗೆದೇಬಿಟ್ಟಳು. ಕಾಕಾ ಮೊದಲು ಮರಾಠಿಯಲ್ಲೇ ನೀರು ಕೊಡಿಸಿದರು. ಹುಡುಗ ಯಾರೆಂದು ಕೇಳಿದ ಕೂಡಲೇ ಕನ್ನಡಕ್ಕೆ ಬಂದರು.

"ಮಾಯಪ್ಪಗ? ಏನಬೇ ಯಮ್ಮಾ, ಇಷ್ಟು ವರ್ಷ ನನ್ನ ಹಗ್ಗ ತಿಂದ ಕೈಯಾಗ ನನ್ನ ಮಗಳನ್ನೂ ಕೊಡ್ಲಿ? ಕೊಡಂಗಿಲ್ಲ. ಅಂವನ ಕೈ ಒಂದು ಗೇಣು ಕಡಿಮಿ ಆದ ದಿನ ಬರ್ರಿ, ವಿಚಾರ ಮಾಡೂಣು."

"ಕೈ ಹೆಂಗ ಕಡಿಮಿ ಆಗ್ತಾವ್ರಿ ಕಾಕಾ?" ಎಂದೆ ನಾನು.

"ಬಂದಿಯಾ ನೀನೂ? ಮಾಡು, ನನ್ನ ಸೋಂಗು ನನ್ನ ಮುಂದನ ಮಾಡು, ನೋಡ್ತೇನಿ."

ಜೀವಮಾನದಲ್ಲಿ ಮೊದಲ ಸಲ ನನಗೆ ಯಾರ ಧ್ವನಿಯೂ ಬರಲಿಲ್ಲ, ನನ್ನದೂ ಸಹ.

ಮಾಮಾ ಅವತ್ತು ರಾಗಿಯ ಗಂಜಿ ಕೂಡ ಕುಡಿಯಲಿಲ್ಲ. ಎರಡು ದಿನ ಕೈ ಕಟ್ಟಿಕೊಂಡೇ ತಿರುಗಿದ. ಅಷ್ಟು ಉದ್ದದ ಕೈ ಕಟ್ಟಿಕೊಳ್ಳುವುದೂ ಸುಲಭವಲ್ಲ. ಬೆರಳುಗಳು ಬೆನ್ನ ಹಿಂದೆ ಹೋಗಿ ಒಂದನ್ನೊಂದು ಭೇಟಿಯಾಗುತ್ತಿದ್ದವು.

ಇಷ್ಟರಲ್ಲಿ ಮೀಟರ್ ಬಂತು. ಖಾಕಿ ಟೋಪಿಯ ಅಳತೆಯ ಸಾಹೇಬರು ಮಿರಜದ ಪೇಟೆಯಲ್ಲಿ ಅಂಗಡಿ ಅಂಗಡಿ ತಿರುಗಿ, ಗಜ, ಮೊಳ, ಮಾರು ಎಲ್ಲ ಬಂದ್ ಎಂದು ಹೇಳಿಹೋದರು. ಉಳಿದ ಅಂಗಡಿಕಾರರು ಗೊಣಗಿದರು. ಸಿದ್ರಾಮ ಕಾಕಾ ಮಾತ್ರ ಹೊಸ ಕೋಲಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ತೆಂಗಿನಕಾಯಿ ಒಡೆದು, ಓಣಿಗೆಲ್ಲ ಪೇಢೆ ಹಂಚಿದರು. ನಮ್ಮ ಊರಿನವರ ಕೈಗೆ ಪೇಢೆ ಇಡುತ್ತ, "ಇನ್ನ ಯಾರ ಕೈನೂ ನಡಿಯೂದಿಲ್ಲರೆಪಾ. ಸರಕಾರದ್ದೊಂದ ಕೈ" ಎಂದರಂತೆ.

ಮಾಮಾನ ರಾಜ್ಯ ಹೀಗೆ ವಿಲೀನವಾಯಿತು. ಸಂಸ್ಥಾನಿಕರಿಗಾದರೂ ಸರಕಾರ ರಾಜಧನ ಕೊಟ್ಟಿತ್ತು. ಇವನಿಗೆ ಚಹಾ ಕೂಡ ಬಂದಾಯಿತು. ಮುಂದಿನ ಸಂತೆಗೆ ಯಾರೂ ಅವನನ್ನು ಕರೆಯಲಿಲ್ಲ. ಹೂವಿನವರ ಬಳಿ ಮಾತ್ರ ಮೊಳ ಇನ್ನೂ ನಡೆಯುತ್ತಿತ್ತು. ಮಲ್ಲಿಗೆಯನ್ನು ಕೋಲಿಗೆ ಹಿಡಿಯಲು ಯಾವ ಸಾಹೇಬರಿಗೂ ಮನಸ್ಸಾಗಿರಲಿಲ್ಲ. ಓಣಿಯ ಹೆಂಗಸರು ಕರೆದರೆಂದು ಒಂದು ದಿನ ಹೋದ. ಹೂವಿನ ಸಾಲಿನಲ್ಲಿ, ಹೆಂಗಸರ ನಡುವೆ, ಮೀಸೆಯ ಆಸಾಮಿ ಮೊಳಕೈ ಎತ್ತಿಕೊಂಡು ನಿಂತದ್ದನ್ನು ಎದುರಿನಿಂದ ಸುಭದ್ರಾ ನೋಡಿದಳು. ಮಾಮಾ ಮಲ್ಲಿಗೆಯನ್ನು ಅಲ್ಲೇ ಬಿಟ್ಟು, ಬಸ್ಸಿಗೂ ಕಾಯದೆ ನಡೆದುಕೊಂಡೇ ಊರಿಗೆ ಬಂದ.

ಬೇಸಿಗೆ ಹತ್ತಿರ ಬಂದಿತ್ತು. ಬಾವಿಯ ಹಗ್ಗ ಬದಲಿಸುವ ಕಾಲ. ನಮ್ಮ ಊರಿನ ದೊಡ್ಡ ಬಾವಿಗೆ ಹನ್ನೆರಡು ಮಾರು ಹಗ್ಗ ಬೇಕು; ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಊರ ಮಂದಿ ಒಟ್ಟಾಗಿ ಮಿರಜಕ್ಕೆ ಹೋಗಿ, "ಕಾಕಾ, ಹನ್ನೆರಡು ಮಾರಿನವು ಕೊಡ್ರಿ" ಎಂದರು. ಕಾಕಾ ಲೆಕ್ಕ ಹಾಕಿದರು. ಮಾರಿಗೆ ಎರಡು ಗಜ, ಗಜ ಅಂದರೆ ಮೀಟರಿಗಿಂತ ತುಸು ಕಡಿಮೆ, ಒಟ್ಟು ಇಪ್ಪತ್ತೆರಡು ಮೀಟರ್. ಯಾವ ಮಾಸ್ತರನೂ ತಪ್ಪು ಎನ್ನದ ಲೆಕ್ಕ. ಕೋಲು ಹಿಡಿದು ಅಳೆದು, ಕೂದಲೆಳೆಯಷ್ಟೂ ಕಡಿಮೆ ಮಾಡದೆ ಕೊಟ್ಟರು. ಬಸ್ಸಿನ ಮೇಲೆ ಹಗ್ಗದ ಸುರುಳಿಗಳು ಊರಿಗೆ ಬಂದವು.

ಮರುದಿನ ಮುಂಜಾನೆ ಬಾವಿಯ ಕಟ್ಟೆಯ ಮೇಲೆ ಗದ್ದಲ. ಎಲ್ಲರ ಕೊಡಗಳೂ ಇಳಿದು ಇಳಿದು, ನೀರು ಇನ್ನೂ ಎರಡಾಳು ಕೆಳಗಿರುವಾಗ ಗಕ್ಕನೆ ನಿಂತು ತೂಗಾಡುತ್ತಿದ್ದವು. ಹೆಂಗಸರು ಬಗ್ಗಿ ನೋಡುತ್ತಿದ್ದರು, ಕೊಡಗಳೂ ಬಗ್ಗಿ ನೋಡುತ್ತಿದ್ದವು, ನೀರು ತಣ್ಣಗೆ ಕೆಳಗೆ ಮಲಗಿತ್ತು.

"ನೀರು ಇಳದೈತಿ ನೋಡವ್ವಾ."

"ರಾತ್ರಿ ಬೆಳತನಕ ಇಳೀತೈತೇನ? ನಿನ್ನಿ ಹಳೀ ಹಗ್ಗಕ್ಕ ಸಿಕ್ಕಿತ್ತಲ್ಲ!"

ಆಯಿ ಸೊಂಟದ ಮೇಲೆ ಕೈಯಿಟ್ಟು ತೀರ್ಪು ಕೊಟ್ಟಳು: "ನಮ್ಮನ್ನ ಆ ರಾಜ್ಯದಿಂದ ಎತ್ತಿ ಈ ರಾಜ್ಯದಾಗ ಇಟ್ರಲ್ಲ, ಎತ್ತಿ ಇಡೂವಾಗ ಬಾವಿ ತಳಾ ಜಗ್ಗೇತಿ."

ಇಷ್ಟು ದೊಡ್ಡ ವಿಚಾರ ಉಳಿದವರಿಗೆ ಹಿಡಿಸಲಿಲ್ಲ. ಸಿದ್ರಾಮ ಕಾಕಾ ಮೋಸ ಮಾಡಿದರು ಎಂಬುದೇ ಹಗುರವಾದ ವಿವರಣೆ. ಸುರುಳಿಗಳು ಮತ್ತೆ ಬಸ್ಸಿನ ಮೇಲೆ ಹತ್ತಿದವು. ಮಾಮಾ ಒಲ್ಲೆನೆಂದ. ಆಯಿ ಅವನ ಉದ್ದನೆಯ ಕೈಯನ್ನೇ ಹಿಡಿದು ಎಳೆದುಕೊಂಡು ಬಸ್ಸು ಹತ್ತಿಸಿದಳು.

ಅಂಗಡಿಯ ಮುಂದೆ ಸಂತೆಗೆ ಸಂತೆಯೇ ನೆರೆಯಿತು. ಕಾಕಾ ಮೀಟರ್ ಕೋಲಿನ ಮೇಲೆ ಕೈಯಿಟ್ಟು ಆಣೆ ಮಾಡಿದರು. "ಒಂದು ಬಟ್ಟು ಕಡಿಮಿ ಇದ್ರ ಅಂಗಡಿಗೆ ಕೀಲಿ ಹಾಕ್ತೇನಿ. ನೋಡ್ರಿ ಬೇಕಾರ!" ಎಂದು ತಮ್ಮ ಪುಟ್ಟ ಕೈಗಳಿಂದಲೇ ಅಳೆಯತೊಡಗಿದರು. ಹನ್ನೆರಡು ಬಿಡಿ, ಹದಿನಾಲ್ಕು ಮಾರು ದಾಟಿತು. "ಕಂಡ್ರಿ? ಹೆಚ್ಚಿಗೀನ ಕೊಟ್ಟೇನಿ!"

"ಮಾಯಪ್ಪ ಅಳೀಲಿ!" ಎಂದು ಗುಂಪು ಕೂಗಿತು.

ಮಾಮಾ ತಲೆ ತಗ್ಗಿಸಿಕೊಂಡು ಬಂದು ಹದ್ದಿನ ರೆಕ್ಕೆ ಬಿಚ್ಚಿದ. ಹತ್ತು ಮಾರಾಗಿ ಮೇಲೊಂದು ತುಣುಕು ಉಳಿಯಿತು. ಅಷ್ಟೇ.

"ಕಳ್ಳ!" ಎಂದಿತು ಸಲಗರೆ. "ಯಾರು ಕಳ್ಳ? ಈ ಕೈ ಕಳ್ಳ!" ಎಂದರು ಕಾಕಾ. ಒಂದೇ ಹಗ್ಗ ಇಬ್ಬರನ್ನೂ ಸುಳ್ಳುಗಾರರನ್ನಾಗಿ ಮಾಡಿ ನೆಲದ ಮೇಲೆ ನಿರಾಳವಾಗಿ ಬಿದ್ದಿತ್ತು. ಕಾಕಾನ ಮೋರೆ ನೋಡಿದರೆ ಅಂಗಡಿಗೆ ಕೀಲಿ ಬೀಳುವುದು ನಿಜ ಅನಿಸಿತು. ಮಾಮಾನ ಮೋರೆ ನೋಡಿದರೆ ಈ ಜನ್ಮದಲ್ಲಿ ಅವನ ಲಗ್ನ ಇಲ್ಲವೆಂಬುದು ಅದಕ್ಕಿಂತ ನಿಜ.

ಆಗ ಒಳಗಿನಿಂದ ಸುಭದ್ರಾ ಬಂದಳು. ಅಪ್ಪನ ಕೈಯಿಂದ ಕೋಲು ತೆಗೆದುಕೊಂಡು ನೇರ ಮಾಮಾನ ಮುಂದೆ ನಿಂತಳು.

"ಕೈ ಚಾಚ್ರಿ."

ಮಾಮಾ ಚಾಚಿದ. ಅವಳು ಈ ಬೆರಳ ತುದಿಗೆ ಕೋಲು ಹಚ್ಚಿ, ತೋಳು ದಾಟಿಸಿ, ಎದೆಯ ಮೇಲಿಂದ ಹಾಯಿಸಿ, ಆ ಬೆರಳ ತುದಿಯವರೆಗೆ, ಇಡೀ ಪೇಟೆ ಬಾಯಿ ತೆರೆದು ನೋಡುತ್ತಿರುವಾಗ, ಹೋರಿಯನ್ನು ಅಳೆದ ಹಾಗೆ ಅಳೆದಳು.

"ಅಪ್ಪಾ, ಎರಡು ಮೀಟರು, ಮ್ಯಾಲೊಂದು ಚೋಟು," ಎಂದಳು. "ಇವರ ಮಾರ ಹಿಂಗೈತಿ. ಹತ್ತು ವರ್ಷದಿಂದ ಇವರ ಊರಿನ ಹಗ್ಗೆಲ್ಲ ಇವರ ಕೈಲೇ ಅಳದಾವ. ಆ ಬಾವಿ ಹನ್ನೆರಡು ಮಾರು ಅಂದ್ರ ಇವರ ಹನ್ನೆರಡು ಮಾರು. ನಿಂದೂ ಖರೆ, ಅವರದೂ ಖರೆ. ಇಪ್ಪತ್ತೈದೂವರಿ ಮೀಟರ ಕೊಡು, ನೀರು ಸಿಗ್ತೈತಿ."

ಎಲ್ಲರೂ ತಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಮೂರು ಸಲ ಮಾಸ್ತರರಿಂದ ಹೊಡೆಸಿಕೊಂಡು ಕೋಷ್ಟಕ ಕಲಿತವನು ನಾನು, ನನಗೂ ಹೊಳೆದಿರಲಿಲ್ಲ.

ಆದರೆ ಆಯಿಗೆ ಬೇರೆಯೇ ಏನೋ ಹೊಳೆದಿತ್ತು. ಆಕೆ ಒಮ್ಮೆಲೇ ಎದೆ ಎದೆ ಬಡಿದುಕೊಂಡು ರಾಗ ತೆಗೆದಳು.

"ಅಯ್ಯಯ್ಯೋ, ಲಗ್ನಾಗದ ಗಂಡಮಗನ್ನ ತುದಿಯಿಂದ ತುದಿತನಕ ಅಳದಬಿಟ್ಟಳಲ್ಲವ್ವಾ! ಇನ್ನ ನನ್ನ ಮಗನ್ನ ಯಾರ ಮಾಡ್ಕೋತಾರ? ನಮ್ಮಾಗ ಗಂಡಸಿನ ಮಾರು ಅಳದಾಕಿ ಅಂವನ ಮನೀನ ತುಂಬಬೇಕು. ಪದ್ಧತಿ ಐತಿ!"

"ಎಲ್ಲೀ ಪದ್ಧತಿಬೇ ಅದು? ನಾ ಕೇಳಿಲ್ಲ!" ಎಂದರು ಕಾಕಾ.

"ಸಂಸ್ಥಾನದ ಕಾಲದ್ದು."

"ಯಾವ ಸಂಸ್ಥಾನ? ಸಾಂಗ್ಲಿದೋ ಮಿರಜದ್ದೋ?"

"ಎಲ್ಲಾ ವಿಲೀನ ಆಗಿ ಹೋದುವಲ್ಲಪಾ," ಎಂದಳು ಆಯಿ, ಕಣ್ಣೀರಿಲ್ಲದ ಕಣ್ಣು ಒರೆಸಿಕೊಳ್ಳುತ್ತ. "ಈಗ ಯಾರ್ನ ಕೇಳ್ತಿ, ಕೇಳು."

ಆ ಪದ್ಧತಿ ಅವತ್ತು, ಆ ಗಳಿಗೆಯಲ್ಲಿ, ಆಕೆಯ ಬಾಯಲ್ಲೇ ಹುಟ್ಟಿದ್ದು ಎಂದು ನನಗೆ ಗೊತ್ತಿತ್ತು. ಸುಭದ್ರಾಳಿಗೂ ಗೊತ್ತಿತ್ತು, ಕೋಲಿನ ಹಿಂದೆ ಮೋರೆ ಮರೆಮಾಡಿಕೊಂಡು ನಗುತ್ತಿದ್ದಳು. ಕಾಕಾ ಮಗಳ ಕಡೆ ನೋಡಿದರು. ಆಮೇಲೆ ಮಾಮಾನ ಕಡೆ ನೋಡಿದರು. ಅವನು ಕೈ ಇಳಿಸಲು ಮರೆತು ಇನ್ನೂ ಹಾಗೆಯೇ ಚಾಚಿಕೊಂಡು ನಿಂತಿದ್ದ. ಕಾಕಾ ಆ ಕೈಯನ್ನು ಈ ತುದಿಯಿಂದ ಆ ತುದಿಯವರೆಗೆ ಕಣ್ಣಿನಿಂದಲೇ ನಿಧಾನವಾಗಿ ಅಳೆದರು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರ ಬಾಯಿಂದ "ಹಾಯ್" ಬರಲಿಲ್ಲ.

"ಕುಂದ್ರಿ," ಎಂದರು. ಯಾರಿಗೆ ಅಂದದ್ದೆಂದು ತಿಳಿಯದೆ ನಾವೆಲ್ಲ ಕೂತೆವು. ಮಾಮಾ ಮಾತ್ರ ನಿಂತೇ ಇದ್ದ.

"ನಿಮಗಲ್ಲರಲೇ, ಅಳಿಯಂದಿರಿಗೆ ಅಂದೆ. ಕುಂದ್ರಿ ಅಳಿಯಂದಿರಽ. ಸುಭದ್ರಾ, ಚಾ ಇಡು."

ಮಾಮಾ ಕೂತನೋ ಬಿದ್ದನೋ, ನನಗಂತೂ ತಿಳಿಯಲಿಲ್ಲ. ಕಾಕಾ ಅವನ ಪಕ್ಕಕ್ಕೆ ಸರಿದು, ದನಿ ತಗ್ಗಿಸಿ, ವ್ಯಾಪಾರದ ಗುಟ್ಟು ಹೇಳುವವರಂತೆ ಕೇಳಿದರು:

"ಸೋಮವಾರ ಬಿಡುವ ಐತೇನ್ರಿ? ಸಮಡೋಳಿಗೆ ಹೋಗಿ ಬರೂಣು. ನನಗ ಹಗ್ಗಾ ಹೊಸೆದು ಕೊಡಾವರು ಅಲ್ಲೇ ಇರ್ತಾರ. ಅಲ್ಲಿ ಮೀಟರ್ ಸಾಹೇಬ ಇನ್ನೂ ಕಾಲಿಟ್ಟಿಲ್ಲ. ಮಾರಿನ ಲೆಕ್ಕದಾಗನ ಕೊಡ್ತಾರ, ತಗೊಳ್ಳಾವರ ಕೈ. ಇಷ್ಟು ವರ್ಷ ಈ ಗಿಡ್ಡ ಕೈ ತಗೊಂಡು ಹೋಗಿ ಹೋಗಿ ಸತ್ತೇನಿ."

ಮಾಮಾನಿಗೆ ಮಾತು ತಲೆಗೆ ಹೋಗಿರಲಿಲ್ಲ. ಅವನ ಗಮನವೆಲ್ಲ ಒಳಗೆ ಚಹಾದ ಕಪ್ಪುಬಸಿ ಸದ್ದು ಮಾಡುತ್ತಿದ್ದ ಕಡೆ ಇತ್ತು.

"ಬರೂವಾಗ ಏನ ತರ್ಲಿರಿ ಮಾವಾರ?" ಎಂದ.

"ಏನೂ ತರಬ್ಯಾಡ್ರಿ," ಎಂದರು ಕಾಕಾ. "ಕೈ ಬೀಸ್ಕೊಂತ ಬರ್ರಿ."